ಜಮಾದಾರರ ಜಳಕ

ಜ್ಞಾನಪ್ರಕಾಶ ಜಮಾದಾರರದು ಔರಾದದಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿದ ಮನೆ. ಬೇರೆ ಪೊಲೀಸರನ್ನು ಕಂಡರೆ ಓಣಿಯ ಮಕ್ಕಳು ಒಳಗೆ ಓಡುತ್ತವೆ. ಇವರನ್ನು ಕಂಡರೆ ಮಾತ್ರ ಪೆಪ್ಪರ್‌ಮಿಂಟ್ ಕೇಳುತ್ತಿದ್ದವು. ಇವರು ಕಳ್ಳರನ್ನು ಹಿಡಿದದ್ದನ್ನು ನಾನಂತೂ ಕೇಳಿಲ್ಲ. ಮೊದಲು ಭಾಲ್ಕಿ ಠಾಣೆಯಲ್ಲಿದ್ದಾಗಲೇ ಇವರ ಪಾಲಿಗೆ ಬಂದದ್ದು ಹೆಣದ ಕೆಲಸ. ಬಾವಿಗೆ ಬಿದ್ದವರು, ನೇಣು ಹಾಕಿಕೊಂಡವರು, ದಾರಿಯಲ್ಲಿ ಸತ್ತವರು. ಹೋಗಿ ನೋಡಿ ಪಂಚನಾಮೆ ಬರೆಯಬೇಕು, ಹೆಣವನ್ನು ದವಾಖಾನೆಗೆ ಮುಟ್ಟಿಸಬೇಕು. ಒಮ್ಮೆ ಚೆನ್ನಾಗಿ ಮಾಡಿದ್ದೇ ತಪ್ಪಾಯಿತು. ಆಮೇಲೆ ಎಲ್ಲಿ ಹೆಣ ಬಿದ್ದರೂ ಸಾಹೇಬರು ಇವರ ಹೆಸರನ್ನೇ ಕೂಗಿದರು.

ಹೆಣ ಮುಟ್ಟಿದವರು ಜಳಕ ಮಾಡದೆ ಹೊಸ್ತಿಲು ದಾಟಬಾರದೆಂದು ತಾಯಿ ರೂತಮ್ಮ ಕಲಿಸಿದ್ದರು. ರವಿವಾರ ತಪ್ಪದೆ ಚರ್ಚಿಗೆ ಹೋಗುವ ಮನೆ, ಆದರೂ ಊರಿನ ರೀತಿ ಬಿಟ್ಟವರಲ್ಲ. ಮೋಟರ್‌ಸೈಕಲ್ ಸದ್ದು ಕೇಳಿದ ಕೂಡಲೇ ಹೆಂಡತಿ ಹೆಲೆನ ಹಿತ್ತಲಲ್ಲಿ ಬಕೆಟ್ ಇಡುತ್ತಿದ್ದಳು. ನಾಲ್ಕು ತಂಬಿಗೆ ತಲೆಯ ಮೇಲೆ ಬಿದ್ದರೆ ಮನುಷ್ಯ ಮತ್ತೆ ಮನುಷ್ಯನಾಗುತ್ತಿದ್ದ. ಒಳಗೆ ಹೋಗಿ ಮಗಳು ಸಲೋಮಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಡುತ್ತಿದ್ದರು, ಬಹಳ ಕೆಟ್ಟ ದನಿಯಲ್ಲಿ. ಗೋಡೆಯಾಚೆ ನಾನು ಬೈದುಕೊಳ್ಳುತ್ತಿದ್ದೆ.

ಬರ ಬಿದ್ದು ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ ನಮ್ಮ ಓಣಿಗೆ ವಾರಕ್ಕೊಮ್ಮೆ ಟ್ಯಾಂಕರ್ ಬಂದರೆ ಪುಣ್ಯ. ಹಳ್ಳಿಯವರು ಮನೆಗೆ ಬೀಗ ಹಾಕಿ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಪಂಚನಾಮೆಗೆ ಸಾಕ್ಷಿ ನಿಲ್ಲಲು ಪಂಚರೇ ಸಿಗುತ್ತಿರಲಿಲ್ಲ. ಚಿಂತಾಕಿಯ ಹತ್ತಿರ ಒಣ ಬಾವಿಯಲ್ಲಿ ಮುದುಕಿಯೊಬ್ಬಳ ಹೆಣ ಸಿಕ್ಕಾಗ, ಪಂಚರು ಬರುವ ತನಕ ಇಡೀ ಮಧ್ಯಾಹ್ನ ಇವರೊಬ್ಬರೇ ಪಕ್ಕದಲ್ಲಿ ನೊಣ ಓಡಿಸುತ್ತ ಕೂತಿದ್ದರಂತೆ. ಮನೆಗೆ ಬಂದರೆ ಹಿತ್ತಲಲ್ಲಿ ಬಕೆಟ್ ಇಲ್ಲ. ಅಂಗಳದಲ್ಲೇ ಹೊರಸು ಹಾಕಿಕೊಂಡು ಮಲಗತೊಡಗಿದರು. ಸಲೋಮಿ ಓಡಿ ಬಂದರೆ "ಮುಟ್ಟಬ್ಯಾಡವ್ವ" ಎನ್ನುವರು.

ಇಲಾಖೆಯವರಿಗೆ ಯಾರು ಹೇಳಿದರೋ, ಇಂಥ ಕೆಲಸದವರಿಗೆಂದು ಬೀದರಿನಲ್ಲಿ ಮನಸ್ಸಿನ ಆರೋಗ್ಯದ ಶಿಬಿರ ಮಾಡಿದರು. ಕಣ್ಣು ಮುಚ್ಚಿ ಉಸಿರು ಎಳೆಯಿರಿ, ಬಿಡಿ ಎಂದರಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಊಟಕ್ಕೆ ಮೊದಲೇ ಠಾಣೆಯಿಂದ ಫೋನ್ ಬಂತು, ಇನ್ನೊಂದು ಹೆಣ. ಹೊರಡುವಾಗ ಖುರ್ಚಿಗಳ ಮೇಲೆ ಉಳಿದಿದ್ದ ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡರು. ಜೊತೆಯವರು ನಕ್ಕರು.

ಆ ಹೆಣದ ಕೆಲಸ ಮುಗಿಸಿ ಸಂಜೆ ಬಂದವರು ಹಿತ್ತಲಲ್ಲಿ ಬಾಟಲಿಗಳನ್ನಿಟ್ಟು ಅಂಗಿ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಸಲೋಮಿ ಬಂದು ಒಂದನ್ನೆತ್ತಿ ಗಟಗಟ ಕುಡಿದಳು. ಜಮಾದಾರರು ಉಳಿದವನ್ನೂ ಒಂದೊಂದಾಗಿ ಅಡುಗೆಮನೆಯ ಬಾಗಿಲಿಗೆ ಸರಿಸಿ ಅಂಗಿ ಹಾಕಿಕೊಂಡರು.

"ಯಾಕ್ರಿ ಜಮಾದಾರ್ರ?" ಗೋಡೆಯ ಮೇಲಿಂದ ಕೇಳಿದೆ.

"ಕುಡಿಯೋ ನೀರು ಮೈಮ್ಯಾಲ ಹ್ಯಾಂಗ ಹಾಕ್ಕೊಳ್ಳಲಿ ಅಕ್ಕೋರ? ಮಳಿ ಬರ್ಲಿ," ಎಂದರು. ನಾನು ಸಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಓಣಿಗೆಲ್ಲ ಅಕ್ಕೋರೇ.

ಭಾದ್ರಪದದಲ್ಲಿ ಮಳೆ ಬಂತು, ಹಳ್ಳಕೊಳ್ಳ ಒಂದಾಗುವಷ್ಟು. ನಮಗೆಲ್ಲ ಸಮಾಧಾನವಾಯಿತು. ಕೊರತೆ ನೀರಿನದೊಂದೇ ಎಂದು ನಾವು ತಿಳಿದಿದ್ದೆವು. ಮರುದಿನ ಅವರು ಹೆಣ ಮುಟ್ಟಿ ಬಂದಾಗ ಹೆಲೆನ ಒಂದಲ್ಲ, ಮೂರು ಬಕೆಟ್ ತುಂಬಿಟ್ಟಿದ್ದಳು. ಮೂರನ್ನೂ ಸುರಿದುಕೊಂಡರು. ಸಲೋಮಿ ಬಾಗಿಲಲ್ಲಿ ಟವೆಲ್ ಹಿಡಿದು ಕಾಯುತ್ತಿದ್ದಳು.

"ಆತಲ್ರಿ, ಒಳಗ ಬರ್ರಿ," ಎಂದಳು ಹೆಲೆನ.

ಹೊಸ್ತಿಲ ತನಕ ಬಂದರು. ಕಾಲೆತ್ತಿದವರು ಮತ್ತೆ ಕೆಳಗಿಟ್ಟರು. ಮಗಳ ಕೈಯ ಟವೆಲನ್ನೂ ಮುಟ್ಟಲಿಲ್ಲ.

"ಇನ್ನೊಂದು ಬಕೆಟ್ ತುಂಬು, ಹೆಲೆನ," ಎಂದರು.