ಸಂಖ್ಯೆ ಮಾತ್ರ ಹಾಕಿ

ನನ್ನ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. ದಿನಕ್ಕೊಂದು ಪುಟ. ಮೇಲೆ ತಾರೀಖು, ವಾರ. ನಡುವೆ ಗೆರೆ ಎಳೆದು ಎಡಗಡೆ ಏನಾಯಿತು ಎಂದೂ ಬಲಗಡೆ ಎಷ್ಟು ಎಂದೂ ಬರೆಯುತ್ತೇನೆ. ಬಸ್ಸು ಎಷ್ಟು ನಿಮಿಷ ತಡ, ಎಷ್ಟು ಕಪ್ ಚಹಾ, ಕರೆಂಟು ಎಷ್ಟು ಸಲ ಹೋಯಿತು. ಹುನಗುಂದದ ಕಡೆಯ ಒಂದು ದನದ ದವಾಖಾನೆಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೇಲೆ ಬಲಗಡೆಯ ಸಾಲುಗಳು ಹೆಚ್ಚಾದವು. ಹಾಕಿದ ಸೂಜಿ, ಒಡೆದ ಬಾಟ್ಲಿ, ಚೆಲ್ಲಿದ ಲಸಿಕೆ.

ಆ ‘ಚೆಲ್ಲಿದ್ದು’ ಎಂಬ ಸಾಲಿನಿಂದಲೇ ಎಲ್ಲ ಶುರುವಾಯಿತು. ಕುರಿಗಳ ಅಂಟುಬೇನೆಗೆ ಹಾಕುವ ಪಿಪಿಆರ್ ಲಸಿಕೆ ಪುಡಿಯಾಗಿ ಬರುತ್ತದೆ. ಒಂದು ಬಾಟ್ಲಿ ನೂರು ಕುರಿಗೆ. ನೀರು ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ನಾನು ಸೇರಿದ ಮೊದಲ ವಾರ ಒಂದು ಹಳ್ಳಿಯಲ್ಲಿ ಡಾಕ್ಟರು ಅಂದಾಜಿನ ಮೇಲೆ ಮೂರನೇ ಬಾಟ್ಲಿಯನ್ನೂ ಒಡೆದು ನೀರು ಬೆರೆಸಿದರು. ಅದರಲ್ಲಿ ಹನ್ನೆರಡು ಕುರಿಗೆ ಸಾಕಾಯಿತು. ಮುಂದಿನ ಹಳ್ಳಿ ಮುಟ್ಟುವುದರೊಳಗೆ ಹೊತ್ತು ಮೀರಿತು, ಅಲ್ಲಿಯ ಹಿಂಡಿಗೆ ಲಸಿಕೆ ಸಾಲಲಿಲ್ಲ. ಬಲಗಡೆ ಎಂಬತ್ತೆಂಟು ಎಂದು ಬರೆದೆ. ಡಾಕ್ಟರಿಗೆ ಮೇಲಿನಿಂದ ನೋಟಿಸು ಬಂತು. ನಾನು ಪ್ರೋಗ್ರಾಮ್ ಬರೆಯಲು ಕುಳಿತೆ.

ಆಫೀಸು ಕೊಟ್ಟ ಲ್ಯಾಪ್‌ಟಾಪ್ ಹಳೆಯದು, ಮೌಸ್ ಕೆಲಸ ಮಾಡುತ್ತಿರಲಿಲ್ಲ. ಹೊಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಹಾಗಾಗಿ ಕಾಲೇಜಿನಲ್ಲಿ ಕಲಿತ ಪೈಥಾನಿನಲ್ಲಿ, ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳಲ್ಲಿ ನಡೆಯುವ ಸಣ್ಣ ಪ್ರೋಗ್ರಾಮ್ ಮಾಡಿದೆ. ಅದು ಒಂದೊಂದೇ ಪ್ರಶ್ನೆ ಕೇಳಿ, ಉತ್ತರ ಬರೆದು ಎಂಟರ್ ಒತ್ತುವ ತನಕ ಕಾಯುತ್ತದೆ. ಹೆಸರು, ಊರು, ಕುರಿ ಎಷ್ಟು. ಕಡೆಗೆ ಎಷ್ಟು ಬಾಟ್ಲಿ ಒಡೆಯಬೇಕೆಂದು ಹೇಳುತ್ತದೆ. ಉತ್ತರ ಅಂಕಿಯಲ್ಲದಿದ್ದರೆ, ಅಥವಾ ಖಾಲಿ ಎಂಟರ್ ಒತ್ತಿದರೆ, ‘ಸಂಖ್ಯೆ ಮಾತ್ರ ಹಾಕಿ’ ಎಂದು ಅದೇ ಪ್ರಶ್ನೆಗೆ ಮರಳುತ್ತದೆ. ಸಂಖ್ಯೆ ಬರುವ ತನಕ ಜಪ್ಪಯ್ಯ ಅಂದರೂ ಮುಂದೆ ಹೋಗುವುದಿಲ್ಲ. ಸಂಖ್ಯೆ ಇಲ್ಲದೆ ಬಾಟ್ಲಿ ಇಲ್ಲ. ಈ ನಿಯಮ ಡಾಕ್ಟರಿಗೆ ಬಹಳ ಹಿಡಿಸಿತು.

ಬಳಸುವವರು ಏನು ಮಾಡುತ್ತಾರೆಂಬುದು ಬರೆಯುವವರಿಗೆ ಮೊದಲೇ ಗೊತ್ತಿರುವುದಿಲ್ಲ. ಡಾಕ್ಟರು ಮೈಸೂರು ಕಡೆಯವರು, ಸಮಾಧಾನದ ಮನುಷ್ಯ. ಮೂರನೇ ದಿನ ಅವರು ಪರದೆಯ ಮೇಲಿನ ಒಂದು ಅಂಕಿಯನ್ನು ಕಾಪಿ ಮಾಡಲು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರು. ಕಪ್ಪು ಪರದೆಯಲ್ಲಿ ಅದರ ಅರ್ಥ ‘ನಿಲ್ಲು’ ಎಂದು. ಪ್ರೋಗ್ರಾಮ್ ಅಲ್ಲೇ ನಿಂತಿತು, ಆ ದಿನ ತುಂಬಿದ್ದ ಆರು ಹೆಸರುಗಳೂ ಹೋದವು.

“ನಾನು ಏನೂ ಮಾಡಲಿಲ್ಲಮ್ಮ, ಕಾಪಿ ಮಾಡಿದೆ ಅಷ್ಟೇ” ಎಂದರು, ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು.

ಅಂದಿನಿಂದ ಪ್ರತಿ ಉತ್ತರವೂ ಬಂದ ಕ್ಷಣವೇ ಕಡತಕ್ಕೆ ಸೇರುವಂತೆ ಮಾಡಿದೆ. ಯಾರಾದರೂ ಆ ಎರಡು ಕೀಲಿ ಒತ್ತಿದರೆ ‘ಖರೇನ ಹೊರಗ ಹೋಗಬೇಕೇನ್ರಿ?’ ಎಂದು ಕೇಳುವಂತೆಯೂ ಮಾಡಿದೆ.

ಮೊದಲ ಎರಡು ವಾರದಲ್ಲಿ ‘ಕುರಿ ಎಷ್ಟು’ ಎಂಬ ಪ್ರಶ್ನೆಗೆ ನಲವತ್ತೊಂದು ಜನ ಉತ್ತರ ಕೊಟ್ಟರು. ನೇರವಾಗಿ ಅಂಕಿ ಹೇಳಿದವರು ಇಪ್ಪತ್ತನಾಲ್ಕು. “ಹ್ವಾದ ಸಲ ಬರಕೊಂಡೀರಲ್ರಿ, ಅಷ್ಟ” ಅಂದವರು ಏಳು. “ಮೂವತ್ತಕ್ಕ ಎರಡ ಕಮ್ಮಿ” ಎಂಬಂಥ ಉತ್ತರ ಐದು. “ಕಣ್ಣಮುಂದನ ಅದಾವಲ್ಲ, ನೋಡ್ರಿ” ಎಂದವರು ಮೂರು. ಇಬ್ಬರು ನಕ್ಕುಬಿಟ್ಟರು. ನಾನು ಮಾತನ್ನು ಅಂಕಿಗೆ ತಿರುಗಿಸಿ ಹಾಕುತ್ತಿದ್ದೆ. ಹೇಗೋ ನಡೆಯುತ್ತಿತ್ತು, ಗುಡೂರಿನ ಆ ಮಂಗಳವಾರದವರೆಗೆ.

ಮುಂಜಾನೆ ಅಮೀನಗಡದಲ್ಲಿ ಚಹಾ ಕುಡಿದು ಗುಡೂರಿನ ಆಚೆಯ ಒಂದು ಹೊಲಕ್ಕೆ ಡಾಕ್ಟರ ಬೈಕಿನ ಮೇಲೆ ಹೋದೆವು. ಐಸ್ ಪೆಟ್ಟಿಗೆ ನನ್ನ ತೊಡೆಯ ಮೇಲೆ, ಅದರಲ್ಲಿ ಐದು ಬಾಟ್ಲಿ. ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಬಲೆ ಕಟ್ಟಿದ ಎರಡು ಆವರಣ ಅಕ್ಕಪಕ್ಕ ಇದ್ದವು, ಒಂದರಲ್ಲಿ ಕುರಿ ತುಂಬಿದ್ದವು, ಇನ್ನೊಂದು ಖಾಲಿ. ಕುರಿಗಳ ಯಜಮಾನ ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ. ಎಲ್ಲರೂ ಅವನನ್ನು ಮುತ್ಯಾ ಎನ್ನುತ್ತಿದ್ದರು. ಜೊತೆಗೆ ಸೊಸೆ, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಮಗ ಮೇವು ನೋಡಲು ಮುಂದೆ ಹೋಗಿದ್ದ. ಮರುದಿನ ಮುಂಜಾನೆ ಹಿಂಡು ಚೊಳಚಗುಡ್ಡದ ಕಡೆ ಹೊರಡುವುದಿತ್ತು. ಆ ದಾರಿಯಲ್ಲಿ ಒಂದು ಹಿಂಡಿಗೆ ಬೇನೆ ತಗುಲಿದೆ ಎಂಬ ಸುದ್ದಿ ಬಂದಿತ್ತು. ಲಸಿಕೆ ಹಾಕಬೇಕಾದರೆ ಅವತ್ತೇ.

ಹೆಸರು, ಊರು ತುಂಬಿದೆ. “ಕುರಿ ಎಷ್ಟ ಅದಾವ ಮುತ್ಯಾ?”

“ಎಲ್ಲಾ ಅದಾವ ಯವ್ವಾ.”

“ಎಲ್ಲಾ ಅಂದ್ರ ಎಷ್ಟು?”

“ಎಲ್ಲಾ ಅಂದ್ರ ಎಲ್ಲಾ. ಒಂದೂ ತಪ್ಪಿಲ್ಲ.”

ಅವನ ಎದುರಿಗೇ ‘ಎಲ್ಲಾ’ ಎಂದು ಬರೆದು ಎಂಟರ್ ಒತ್ತಿ ತೋರಿಸಿದೆ. ‘ಸಂಖ್ಯೆ ಮಾತ್ರ ಹಾಕಿ’ ಎಂದು ಬಂತು.

“ನೋಡು ಮುತ್ಯಾ, ಇದು ಒಪ್ಪವಲ್ದು.”

“ಒಪ್ಪಲಿಲ್ಲಂದ್ರ ಬಿಡು. ಅದರವು ಏನ ಕುರಿ ಅದಾವ ಇಲ್ಲಿ?”

ಡಾಕ್ಟರು ಮುಂದೆ ಬಂದರು. “ಅಜ್ಜ, ಸುಮಾರು ಎಷ್ಟಿರಬಹುದು ಹೇಳಿ, ಸಾಕು.”

“ಸುಮಾರ ಅಂದ್ರೂ ಲೆಕ್ಕನ ಅಲ್ಲೇನ್ರಿ ಸಾಹೇಬ್ರ? ಬೀರಪ್ಪ ದ್ಯಾವರ ಕುರಿ ಇವು. ನಾ ಕಾಯಾಂವ ಅಷ್ಟ. ಸೂಜಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಲೆಕ್ಕ ಮಾತ್ರ ಕೇಳಬ್ಯಾಡ್ರಿ.”

ಡಾಕ್ಟರು ಬೆರಳು ಚಾಚಿ ತಾವೇ ಎಣಿಸಲು ಹೋದರು. ಮುತ್ಯಾ ಅವರ ಕೈಯನ್ನು ಮೆತ್ತಗೆ ಕೆಳಗಿಳಿಸಿದ. “ಬಟ್ಟ ಮಾಡಿ ತೋರಸಬ್ಯಾಡ್ರಿ.”

ನಾನು ಲ್ಯಾಪ್‌ಟಾಪ್ ನೋಡುವವಳಂತೆ ಕುಳಿತು, ಕಣ್ಣಲ್ಲೇ ಎಣಿಸತೊಡಗಿದೆ. ಕುರಿಗಳು ಒಂದರೊಳಗೊಂದು ತೂರುತ್ತಿದ್ದವು. ನಲವತ್ತರ ಹತ್ತಿರ ಬಂದಿದ್ದೆ.

“ಯವ್ವಾ, ನಿನ್ನ ತುಟಿ ಅಳ್ಳಾಡಾಕತ್ತಾವ” ಎಂದ ಮುತ್ಯಾ.

ಡಾಕ್ಟರು ನಕ್ಕರು. ಆಮೇಲೆ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ನನಗಷ್ಟೇ ಕೇಳುವಂತೆ ಹೇಳಿದರು: “ಒಂದು ನೋಟಿಸು ತಿಂದಿದ್ದೇನೆ. ಅಂದಾಜಿನ ಮೇಲೆ ಒಡೆಯುವುದಿಲ್ಲ. ಮುಂದಿನ ಹಿಂಡಿನವರು ಕಾಯುತ್ತಿದ್ದಾರೆ. ಅರ್ಧ ಗಂಟೆ ನೋಡೋಣ.”

ಸೊಸೆ ನನ್ನನ್ನು ನೀರಿನ ಕೊಡದ ಹತ್ತಿರ ಕರೆದಳು. “ಹೆಂಗರೆ ಮಾಡಿ ಹಾಕಸ್ರಿ ಯಕ್ಕಾ. ಹ್ವಾದ ವರ್ಷ ಸೂಜಿ ತಪ್ಪಿತ್ತು. ಎಂಟ ದಿನದಾಗ ಒಂಬತ್ತ ಮರಿ ಹ್ವಾದವು, ನಾಕ ದೊಡ್ಡವು.”

“ಅವನ್ನ ಎಣಿಸೀರಿ. ಇವನ್ನ ಎಣಿಸಂಗಿಲ್ಲ?”

“ಸತ್ತಾವ ಎಣಿಸಾಕ ಬೇಕಲ್ಲ. ಇದ್ದಾವ ಎಣಿಸಿದ್ರ ಅವೂ ಆ ಲೆಕ್ಕಕ್ಕ ಕುಂತಂಗ ಆಗತೈತಿ.”

ಅಂಕಿಗೆ ಅಂಥದೊಂದು ಮುಖವಿದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನನ್ನ ನೋಟ್‌ಬುಕ್ಕಿನ ಬಲಗಡೆ ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿದ್ದವು, ಚಹಾ, ಬಸ್ಸು, ಸೂಜಿ.

“ನನ್ನ ಕಿವ್ಯಾಗ ಹೇಳು, ನಾ ಯಾರಿಗೂ ಹೇಳಂಗಿಲ್ಲ.”

“ನಂಗೂ ಗೊತ್ತಿಲ್ರಿ, ದೇವರಾಣಿ. ಸಂಜೀಕ ಮಾವ ಬಲೆ ಬಾಯಾಗ ನಿಂತು ಒಂದೊಂದರ ಬೆನ್ನ ಮುಟ್ಟಿ ಒಳಗ ಬಿಡ್ತಾರ. ಯಾವದರೆ ಬರಲಿಲ್ಲಂದ್ರ ಅದರ ಮಾರಿ ನೆನಪ ಆಗತೈತಿ, ಹುಡುಕಾಕ ಹೋಗ್ತಾರ.”

ಬೆನ್ನು ಮುಟ್ಟುವುದಕ್ಕೆ ಅಡ್ಡಿಯಿರಲಿಲ್ಲ. ಅಂಕಿ ಬಾಯಿಗೆ ಬರಬಾರದು, ಅಷ್ಟೇ. ಹಾಗಾದರೆ ತಪ್ಪು ಮುತ್ಯಾನದಲ್ಲ, ನನ್ನ ಪ್ರಶ್ನೆಯದು. ಕಂಬಳಿಯ ಮೇಲೆ ಕುಳಿತು ಬರೆದೆ, ಹದಿನೆಂಟು ನಿಮಿಷ ಹಿಡಿಯಿತು. ಇಷ್ಟು ದಿನ ಖಾಲಿ ಎಂಟರ್ ಬಂದರೆ ನನ್ನ ಪ್ರೋಗ್ರಾಮ್ ತಪ್ಪು ಎನ್ನುತ್ತಿತ್ತು. ಈಗ ಒಂದು ಖಾಲಿ ಎಂಟರ್ ಒಂದು ಕುರಿ. ಮುಗಿದ ಮೇಲೆ ‘ಎಂ’ ಎಂಬ ಅಕ್ಷರ ಒತ್ತಿದರೆ ಎಷ್ಟು ಬಾಟ್ಲಿ ಎಂದಷ್ಟೇ ತೋರಿಸಬೇಕು. ಕುರಿಗಳ ಸಂಖ್ಯೆ ಪರದೆಯ ಮೇಲೆ ಬರಬಾರದು.

ಮುತ್ಯಾನಿಗೆ ವಿವರಿಸಿದೆ. ಅವನು ಲ್ಯಾಪ್‌ಟಾಪನ್ನು ಒಂದು ಸುತ್ತು ನೋಡಿದ.

“ಅದಕ್ಕ ಗೊತ್ತಾಗತೈತಿ, ಹೌದಿಲ್ಲೋ?”

“ಗೊತ್ತಾಗತೈತಿ. ಅದಕ್ಕ ಬಾಯಿಲ್ಲ. ಶುಕ್ರವಾರ ಬಾಗಲಕೋಟಿ ಆಫೀಸಿಗೆ ಆ ಕಡತ ಹೋಗತೈತಿ, ಅಲ್ಲಿ ಯಾರರೆ ನೋಡಬಹುದು. ಅದನ್ನ ಮುಚ್ಚಿಡಂಗಿಲ್ಲ.”

“ಅವರು ನಮ್ಮ ಕುರಿ ನೋಡ್ಯಾರೇನು?”

“ಇಲ್ಲ.”

“ನೋಡಲಾರದವರ ಕಣ್ಣ ಏನ ಮಾಡತೈತಿ ಬಿಡು. ನೀ ನೋಡೀ, ನೀ ಎಣಿಸಬ್ಯಾಡ. ಆ ಕಡತಾನೂ ತೆಗೀಬ್ಯಾಡ.”

ಒಪ್ಪಿಕೊಂಡೆ. ಕೀಲಿ ಒತ್ತಲು ಸೊಸೆಯನ್ನು ಕೂರಿಸಿ, ನಾನು ಜಾಲಿ ಗಿಡದ ಕಡೆ ಮುಖ ಮಾಡಿ ಕುಳಿತೆ. ಮುತ್ಯಾ ಎರಡು ಬಲೆಗಳ ನಡುವೆ ಸಂದಿ ಮಾಡಿ, ಮೊಳಕಾಲು ಅಡ್ಡ ಕೊಟ್ಟು, ಒಂದೊಂದೇ ಕುರಿಯ ಬೆನ್ನು ತಟ್ಟಿ ಆಚೆ ಬಿಡತೊಡಗಿದ. “ಹಾಂ” ಎಂದಾಗಲೆಲ್ಲ ಅವಳು ಒತ್ತಬೇಕು. ಕಿವಿ ಇದ್ದೇ ಇತ್ತಲ್ಲ, ‘ಹಾಂ’ಗಳನ್ನು ಎಣಿಸದಿರುವುದು ಬಲು ಕಷ್ಟವಾಯಿತು. ಹತ್ತೊಂಬತ್ತರ ಮಗ್ಗಿ ಹೇಳಿಕೊಳ್ಳುತ್ತ ಕುಳಿತೆ.

ಕಡೆಯ ಕುರಿ ದಾಟಿತು. ಸೊಸೆ ‘ಎಂ’ ಒತ್ತಿದಳು. ಪರದೆಯ ಮೇಲೆ: ಬಾಟ್ಲಿ 11.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮುತ್ಯಾ ಹೊಟ್ಟೆ ಹಿಡಿದು ನಕ್ಕ. “ಹನ್ನೊಂದ ಬಾಟ್ಲಿ! ಗುಡೂರ ಮಂದಿಗೆಲ್ಲ ಸೂಜಿ ಹಾಕಿದ್ರೂ ಉಳೀತಾವು. ಯವ್ವಾ, ನಿನ್ನ ಡಬ್ಬಿಗೆ ನನಗಿಂತಾ ಹುಚ್ಚ ಹಿಡದೈತಿ.”

ಸೊಸೆಯ ಮುಖ ಸಣ್ಣದಾಯಿತು. “ಒತ್ತಿದ ಮ್ಯಾಲೆ ಬಿಡಾಕ ಅಂಜಿಕಿ ಆತ್ರಿ, ಎಲ್ಲೆರೆ ಒಂದ ತಪ್ಪಿ ಹ್ವಾದ್ರ ಅಂತ.”

ಕೀಲಿಯನ್ನು ಒತ್ತಿ ಹಿಡಿದರೆ ಕಂಪ್ಯೂಟರು ಮತ್ತೆ ಮತ್ತೆ ಒತ್ತಿದಂತೆ ತಿಳಿಯುತ್ತದೆ. ನಾನು ಅವಸರದಲ್ಲಿ ಅದನ್ನು ಮರೆತಿದ್ದೆ. ಹಿಂದಿನ ಎಂಟರಿಗೆ ಅಂಟಿಕೊಂಡು ಒಂದು ಸೆಕೆಂಡಿನೊಳಗೆ ಬಂದ ಎಂಟರ್ ಲೆಕ್ಕಕ್ಕಿಲ್ಲ ಎಂದು ಎರಡು ಸಾಲು ಸೇರಿಸಿದೆ. “ಈಗ ಎಷ್ಟರೆ ಹೊತ್ತ ಒತ್ತಿ ಹಿಡಿ, ಒಂದ ಕುರಿಗೆ ಒಂದ” ಎಂದು ಅವಳಿಗೆ ಹೇಳಿದೆ. ಡಾಕ್ಟರು ಗಡಿಯಾರ ನೋಡಿಕೊಂಡು, ಐಸ್ ಪೆಟ್ಟಿಗೆಯನ್ನು ನೆರಳಿಗೆ ಸರಿಸಿದರು. ಅರ್ಧ ಗಂಟೆ ಆಗಲೇ ಮುಗಿದಿತ್ತು.

ಕುರಿಗಳು ಬಂದ ಸಂದಿಯಲ್ಲೇ ವಾಪಸು ಹೊರಟವು. ಈ ಸಲ ಮುತ್ಯಾ ಇನ್ನೂ ನಿಧಾನ. ಕೆಲವನ್ನು ಮಾತಾಡಿಸುತ್ತಿದ್ದ: “ನಡಿ ಗೌಡ್ತಿ. ನೀ ಎಲ್ಲಿ ಹ್ವಾದೀ ಕುಂಟಾ? ಏ ಕಳ್ಳಿ, ಎರಡ ಸಲ ಬರತೀ?” ನಾನು ಹತ್ತೊಂಬತ್ತರಿಂದ ಇಪ್ಪತ್ತಮೂರರ ಮಗ್ಗಿಗೆ ಹೋದೆ.

ಬಾಟ್ಲಿ 2.

ಡಾಕ್ಟರು ಎರಡು ಬಾಟ್ಲಿ ತೆಗೆದು ಪುಡಿಗೆ ನೀರು ಬೆರೆಸಿದರು. ಮುತ್ಯಾ ಹಿಡಿದುಕೊಟ್ಟ, ಅವರು ಚುಚ್ಚಿದರು, ಸೊಸೆ ಸೂಜಿಯಾದ ಕುರಿಗಳ ಹಣೆಗೆ ಕೆಂಪು ಬಣ್ಣ ಹಚ್ಚಿದಳು. ಒಂದೂವರೆ ತಾಸಿಗೆ ಎಲ್ಲ ಮುಗಿಯಿತು. ಎರಡನೇ ಬಾಟ್ಲಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟು ಎಂದು ನನಗೆ ಹೇಳದೆ ಚೆಲ್ಲಿದರು. ಹೊರಡುವಾಗ ಮುತ್ಯಾ ಒಂದು ತಂಬಿಗೆ ಹಾಲು ಕೊಟ್ಟ. ಸೊಸೆ ತನ್ನ ಫೋನಿಗೆ ನನ್ನ ನಂಬರು ಹಾಕಿಕೊಂಡಳು.

ಶುಕ್ರವಾರ ಕಡತವನ್ನು ತೆರೆಯದೆ ಬಾಗಲಕೋಟೆಗೆ ಕಳಿಸಿದೆ.

ಮೂರು ವಾರದ ಮೇಲೆ ಬಾದಾಮಿ ಕಡೆಯಿಂದ ಸುದ್ದಿ ಬಂತು, ಅಲ್ಲಿ ಎರಡು ಹಿಂಡಿನಲ್ಲಿ ಬೇನೆ ಜೋರಾಗಿದೆ ಎಂದು. “ನಿಮ್ಮ ಮುತ್ಯಾನ ಹಿಂಡು ಅಲ್ಲೇ ಅಲ್ವಾ? ಫೋನ್ ಮಾಡಿ ಕೇಳಿ” ಎಂದರು ಡಾಕ್ಟರು. ನಾನು ನೋಟ್‌ಬುಕ್ ತೆಗೆದು ಆ ದಿನದ ಪುಟದಲ್ಲಿ ‘ಗುಡೂರಿನ ಹಿಂಡು’ ಎಂದು ಎಡಗಡೆ ಬರೆದು, ಬಲಗಡೆಗೆ ಪೆನ್ನು ಹಿಡಿದು ಫೋನ್ ಮಾಡಿದೆ. ಆ ಕಡೆ ರಿಂಗಾಗುತ್ತಿರುವಾಗ, ಅವಳ ಬಾಯಲ್ಲಿ ಒಂದು ಅಂಕಿ ಬಂದರೆ ಅದು ಎಂಥ ಅಂಕಿ ಎಂಬುದು ನನಗೆ ಗೊತ್ತಿತ್ತು. ಯಾವ ಸಂಖ್ಯೆಯೂ ಬಾರದಿರಲಿ ಎಂದು ಬಯಸಿದ್ದು ಅದೇ ಮೊದಲು.

ಗಾಳಿಯ ಸದ್ದು, ಕುರಿಗಳ ಸದ್ದು ಕೇಳಿತು. “ಯಾರ್ರಿ? ಓ, ಯಕ್ಕಾ!” ಎಂದಳು ಸೊಸೆ.

“ಕುರಿ ಹೆಂಗದಾವ?”

“ಎಲ್ಲಾ ಅದಾವ ಯಕ್ಕಾ.”

ಬಲಗಡೆ ‘ಎಲ್ಲಾ’ ಎಂದು ಬರೆದುಕೊಂಡೆ.