ಹೆಬ್ಬೆರಳಿಗೆ ಕಟ್ಟಿದ ಅರಿಶಿನ

ಅರಿಶಿನವನ್ನು ಹೊಗಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅರಿಶಿನದ ಮೇಲೆ ಸಿಟ್ಟಿಲ್ಲ, ಸಾರಿಗೆ ದಿನವೂ ಹಾಕುತ್ತೇನೆ. ನೆಗಡಿಯಾದರೆ ಹಾಲಿಗೆ ಒಂದು ಚಿಟಿಕೆ ಹಾಕಿ ಕುಡಿದದ್ದೂ ಉಂಟು. ಗಂಟಲಿಗೆ ಹಿತವಾಗಿದ್ದು ಅರಿಶಿನವೋ ಬಿಸಿ ಹಾಲೋ, ಅದನ್ನು ಯಾರೂ ಬೇರೆ ಮಾಡಿ ನೋಡಲಿಲ್ಲ. ನನ್ನ ಸಿಟ್ಟೆಲ್ಲ ನಮ್ಮತ್ತೆಯ ಅಣ್ಣನ ಮೇಲೆ.

ಅವರಿಗೆ ಯಳಂದೂರಿನಲ್ಲಿ ದಿನಸಿ ಅಂಗಡಿ. ಆಗ ನಮ್ಮ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಮೈಸೂರು ಸೀಮೆಯ ಅರಿಶಿನಕ್ಕಿರುವ ಗುಣ ನಿಮ್ಮ ಕಡೆಯದಕ್ಕಿಲ್ಲ ಎನ್ನುತ್ತಿದ್ದರು, ಗಡಿ ಎಲ್ಲಿದೆ ಎಂದು ಆ ಗೆಡ್ಡೆಗೆ ಯಾರೋ ತೋರಿಸಿಕೊಟ್ಟಿದ್ದ ಹಾಗೆ. ಬಂದಾಗಲೆಲ್ಲ ಪಡಸಾಲೆಯ ಕಂಬಕ್ಕೆ ಒರಗಿ ಪಾಠ ಶುರು ಮಾಡುವರು. ಉಳುಕಿಗೆ ಸುಣ್ಣದ ಜೊತೆ, ಕೆಮ್ಮಿಗೆ ಜೇನಿನ ಜೊತೆ, ಮೊಡವೆಗೆ ಕೆನೆಯ ಜೊತೆ, ಬಾಣಂತಿಗೆ ತುಪ್ಪದ ಜೊತೆ, ಹೊಟ್ಟೆಹುಳಕ್ಕೆ ಬೆಲ್ಲದ ಜೊತೆ. ತಮ್ಮ ಬೆನ್ನಿಗೆ ಕುರು ಎದ್ದಾಗ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಡಾಕ್ಟರ ಕೈಯಲ್ಲಿ ಕೊಯ್ಯಿಸಿಕೊಂಡದ್ದು ಮಾತ್ರ ಆ ಪಾಠದಲ್ಲಿ ಬರುತ್ತಿರಲಿಲ್ಲ.

ನಮ್ಮದು ರೇಷ್ಮೆ ನೇಯುವ ಮನೆ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ ಸಾಲು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಎಳೆ ಜಾರದ ಹಾಗೆ ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೆಬ್ಬೆರಳಿನಲ್ಲಿ ಒಂದು ತಿರುವು ಕೊಟ್ಟರೆ ಎಳೆಗಳು ಒಂದಾಗಬೇಕು. ಆ ಕೆಲಸಕ್ಕೆ ನನ್ನ ನಾದಿನಿಯೇ ಸೈ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಬೀದಿಯ ಎಲ್ಲ ಮಗ್ಗದವರೂ ಅವಳನ್ನೇ ಕರೆಯುವರು. ಅಣ್ಣನ ಮನೆಯಲ್ಲಿ ಅವಳು ತಲೆಯೆತ್ತಿ ಉಣ್ಣುತ್ತಿದ್ದದ್ದು ಆ ಬಲಗೈ ಹೆಬ್ಬೆರಳ ಬಲದಿಂದ.

ಹಾಸು ಸೇರಿಸುವ ದಿನ ನಮ್ಮ ಮನೆಯಲ್ಲಿ ಯಾರೂ ಅರಿಶಿನ ಮುಟ್ಟುವಂತಿರಲಿಲ್ಲ. ಕೆನ್ನೆಗೂ ಇಲ್ಲ, ಸಾರಿಗೂ ಇಲ್ಲ. ಬಿಳಿ ರೇಷ್ಮೆಗೆ ತಗುಲಿದರೆ ಮುಗಿಯಿತು, ಎಷ್ಟು ತೊಳೆದರೂ ಬಿಡುವುದಿಲ್ಲ. ನೂಲಿನ ವಿಷಯದಲ್ಲಿ ಅಷ್ಟು ಎಚ್ಚರ ನಮಗೆ.

ಒಂದು ದಿನ ಮಗ್ಗದಲ್ಲಿ ಎಳೆಗಳನ್ನು ಬಿಡಿಸಿ ಹಿಡಿಯುವ ಬಿದಿರ ಹಣಿಗೆಯ ಸಿಬಿರು ನಾದಿನಿಯ ಹೆಬ್ಬೆರಳ ಉಗುರಿನೊಳಗೆ ಹೊಕ್ಕಿತು. ಎಳೆದು ತೆಗೆದಳು, ಅತ್ತೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಗಂಡ ಸತ್ತಂದಿನಿಂದ ಅವಳ ಕೆನ್ನೆಗೆ ಸಲ್ಲದಿದ್ದ ಅರಿಶಿನ ಬೆರಳಿಗೆ ಧಾರಾಳವಾಗಿ ಬಂತು. ಮೂರನೆಯ ದಿನ ಬೆರಳು ಊದಿತು. ಅಷ್ಟರಲ್ಲಿ ಯಳಂದೂರಿನಿಂದ ಮಹಾನುಭಾವರು ಒಂದು ಗಡಿಗೆ ಅರಿಶಿನದ ಸಮೇತ ಬಂದಿಳಿದರು. ಕೊಂಬನ್ನು ಕೆಂಡದಲ್ಲಿ ಸುಟ್ಟು, ತುಪ್ಪದಲ್ಲಿ ಅರೆದು ಕಟ್ಟಬೇಕು, ಒಣಗಿದರೆ ಅದರ ಮೇಲೆಯೇ ಇನ್ನೊಂದು ಪದರ ಎಂದರು. ಅರೆದವಳು ನಾನೇ. ಒಮ್ಮೆ ತೊಳೆದು ನೋಡೋಣವೇ ಎಂದು ಕೇಳಿದೆ.

"ಬಿಚ್ಬ್ಯಾಡ ಕಣವ್ವ, ಗುಣ ಆರೋಯ್ತದೆ," ಎಂದರು. ಹಾರಿಹೋಗಲು ಅದು ಗುಣವಲ್ಲ, ಗುಬ್ಬಿಯೇನೋ ಎಂಬ ಹಾಗೆ.

ನಾಲ್ಕು ದಿನ ಪದರದ ಮೇಲೆ ಪದರ ಮೆತ್ತಿದೆ. ಬಾಯಿ ಮುಚ್ಚಿಕೊಂಡು ಮೆತ್ತಿದೆ ಎಂಬುದನ್ನೂ ಬರೆದಿಡುತ್ತೇನೆ, ಬೈಗುಳದಲ್ಲಿ ನನಗೂ ಪಾಲಿದೆ. ಐದನೆಯ ದಿನ ಬೆಳಗ್ಗೆ ನಾದಿನಿ ಮಗ್ಗದ ಮುಂದೆ ಕುಳಿತು ಕಟ್ಟು ಸರಿಸಿ, ಬೂದಿ ಮುಟ್ಟಿಕೊಂಡು, ಎರಡು ತುಂಡು ನೂಲು ಹೊಸೆಯಲು ನೋಡುತ್ತಿದ್ದಳು. ನೂಲು ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ನನ್ನನ್ನು ಕಂಡು, "ಅತ್ಗೆ, ಬೆರಳೈತೋ ಇಲ್ವೋ ಗೊತ್ತಾಯ್ತಿಲ್ಲ," ಎಂದಳು.

ಒಲೆ ಆರಿಸಿದೆ. ಅತ್ತೆ ಕೂಗುತ್ತಿದ್ದರೂ ಕೇಳಿಸಿಕೊಳ್ಳದೆ ಅವಳ ಕೈ ಹಿಡಿದು ಆಸ್ಪತ್ರೆಗೆ ನಡೆದೆ.

ಅಲ್ಲಿ ಗಾಯ ಕಟ್ಟುವವನು ಕಟ್ಟು ಬಿಚ್ಚಿ, "ಬೆರಳೇನ್ರವ್ವ ಇದು, ಉಳಿಸಾರ್ಗೆ ಆಕೋ ಸಾಮಾನಾ?" ಎಂದ. ಬಿಸಿನೀರಿನಲ್ಲಿ ಪದರಗಳು ಒಂದೊಂದಾಗಿ ಬಿಟ್ಟವು. ಕೊನೆಯ ಪದರ ಬಿಡಲಿಲ್ಲ, ಏಕೆಂದರೆ ಅದು ಅರಿಶಿನವಾಗಿರಲಿಲ್ಲ, ಕೀವು. ಹಳದಿಯ ಕೆಳಗೆ ಹಳದಿ. ಬೆರಳು ಕೆಂಪಾದದ್ದನ್ನೂ ಕಪ್ಪಾದದ್ದನ್ನೂ ನಮ್ಮ ಔಷಧವೇ ನಮ್ಮಿಂದ ಮುಚ್ಚಿಟ್ಟಿತ್ತು. ಡಾಕ್ಟರು ಕೊಯ್ದು, ಉಗುರು ಕಿತ್ತರು. ಇನ್ನೆರಡು ದಿನ ಬಿಟ್ಟಿದ್ದರೆ ಗೆಣ್ಣನ್ನೇ ತೆಗೆಯಬೇಕಿತ್ತು ಎಂದರು.

ಬೆರಳು ಉಳಿಯಿತು, ತುದಿಯ ಸ್ಪರ್ಶ ಉಳಿಯಲಿಲ್ಲ. ನಾದಿನಿ ತೋರುಬೆರಳು, ನಡುಬೆರಳಿನಲ್ಲಿ ಹೊಸೆಯುವುದನ್ನು ಹೊಸದಾಗಿ ಕಲಿತಳು. ಮುಂಚೆ ಎರಡು ದಿನದಲ್ಲಿ ಸೇರಿಸಿ ಮುಗಿಸುತ್ತಿದ್ದ ಹಾಸು ಈಗ ನಾಲ್ಕು ದಿನ ಹಿಡಿಯಿತು. ಬೀದಿಯವರಲ್ಲಿ ಅರ್ಧ ಜನ ಬೇರೆಯವರನ್ನು ಕರೆಯತೊಡಗಿದರು.

ಮುಂದಿನ ಸಲ ಬಂದ ದಿನಸಿ ಪಂಡಿತರು ಮಾಯ್ದ ಬೆರಳನ್ನು ನೋಡಿ ಕಂಬಕ್ಕೆ ಒರಗಿದರು. "ನೋಡ್ದೇನವ್ವ, ನಮ್ಮ ಅರಿಸ್ನ ಕೈ ಬಿಡ್ಲಿಲ್ಲ."

ನಾದಿನಿ ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಊಂ ಮಾವ. ಅರಿಸ್ನ ಇನ್ನೂ ಅಲ್ಲೇ ಐತೆ, ಉಗುರೇ ಓಯ್ತು."

ಅವರು ಅದನ್ನೂ ಹೊಗಳಿಕೆ ಎಂದೇ ತಿಳಿದು ಕಾಫಿ ಕುಡಿದು ಹೋದರು. ಅವರ ಗಡಿಗೆಯಲ್ಲಿ ಉಳಿದದ್ದನ್ನು ನಾನು ಶುಕ್ರವಾರ ಶುಕ್ರವಾರ ಹೊಸ್ತಿಲಿಗೆ ಬಳಿದು ಮುಗಿಸಿದೆ. ಹೊಸ್ತಿಲಿಗೆ ಕೀವು ತುಂಬುವುದಿಲ್ಲ.