ಕೈಚೀಲದಲ್ಲಿ ಕೌದಿ

ಪೀಣ್ಯದ ನಮ್ಮ ಕಾರ್ಖಾನೆಯಿಂದ ಯಂತ್ರ ಜೋಡಿಸಲು ಪರದೇಶಕ್ಕೆ ಹೋಗುತ್ತಿದ್ದವರು ಗದಗಿನ ಕಡೆಯ ಒಬ್ಬ ಫಿಟ್ಟರ್. ದೊಡ್ಡ ಪೆಟ್ಟಿಗೆಯ ತುಂಬ ಕಂಪನಿಯ ಬಿಡಿಭಾಗಗಳೇ ಇರುತ್ತಿದ್ದವು. ಅವರದೆಂದು ಉಳಿಯುತ್ತಿದ್ದುದು ಒಂದು ಕೈಚೀಲ. ಅದರಲ್ಲಿ ಅವರು ಮೊದಲು ಇಡುತ್ತಿದ್ದುದು, ತಾಯಿ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಕೌದಿ. ತಣ್ಣನೆ ಗಾಳಿಗೆ ಹಿಡಿದುಕೊಳ್ಳುವ ಅವರ ಮೊಣಕಾಲಿಗೆ ವಿಮಾನದವರು ಕೊಡುವ ತೆಳು ಹೊದಿಕೆ ಸಾಲುತ್ತಿರಲಿಲ್ಲ.

ಯಾರಾದರೂ ಪರದೇಶಕ್ಕೆ ಹೊರಟರೆ ಸಾಕು, ಊರೆಲ್ಲ ಪೊಟ್ಟಣ ಹಿಡಿದು ಬರುತ್ತದೆ. ಯಾವ ಹಕ್ಕಿನ ಮೇಲೋ ನನಗಿನ್ನೂ ತಿಳಿದಿಲ್ಲ. ಫಿಟ್ಟರ್ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಕೊಟ್ಟವರು ಹೋದ ಮೇಲೆ ಮೀಸೆ ಉಜ್ಜಿಕೊಳ್ಳುತ್ತ, ನನಗೆ ಮಾತ್ರ ಕೇಳುವಂತೆ, “ನಾನೇನ್ ಲಗೇಜ್ ಆಟೋ ಏನ್ರಿ?” ಎನ್ನುತ್ತಿದ್ದರು.

ಒಮ್ಮೆ ಮ್ಯಾನೇಜರು ಅಲ್ಲಿರುವ ತಮ್ಮ ನಾದಿನಿಗೆಂದು ಹಪ್ಪಳದ ದೊಡ್ಡ ಡಬ್ಬಿ ತಂದರು. ಕೌದಿ ಹೊರಗೆ ಬಂತು, ಡಬ್ಬಿ ಒಳಗೆ ಹೋಯಿತು. ಮರಳಿ ಬಂದಾಗ ಫಿಟ್ಟರ್ ಕುಂಟುತ್ತಿದ್ದರು. ಮ್ಯಾನೇಜರು ಕೇಳಿದ್ದು ಕಾಲಿನ ವಿಷಯವಲ್ಲ.

“ಏನ್ರೀ, ಅರ್ಧಕ್ಕರ್ಧ ಹಪ್ಪಳ ಮುರ್ದೋಗಿತ್ತಂತೆ. ಸ್ವಲ್ಪ ಹುಷಾರಾಗಿ ತಗೊಂಡ್ ಹೋಗ್ಬಾರ್ದಾ?”

ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಆ ಮನುಷ್ಯನಿಗೆ ನಾಚಿಕೆಯೆಂಬುದೇ ಇರಲಿಲ್ಲ. ಮುಂದಿನ ಸಲವೂ ಅಂಥದೇ ಡಬ್ಬಿ ಹಿಡಿದು ಬಂದರು. ಫಿಟ್ಟರ್ ಚೀಲ ತೆರೆದು ತೋರಿಸಿದರು. ಬಾಯಿಮಟ್ಟ ಕೌದಿ ತುಂಬಿತ್ತು.

“ಹೊದಿಕೆ ವಿಮಾನದಲ್ಲೇ ಕೊಡ್ತಾರೆ ಕಣ್ರೀ,” ಎಂದರು ಮ್ಯಾನೇಜರು.

“ಆ ದೇಶದಾಗ ಹಪ್ಪಳಾನೂ ಸಿಗತಾವ್ರಿ ಸಾರ್,” ಎಂದ ಫಿಟ್ಟರ್ ಚೀಲದ ಜಿಪ್ ಎಳೆದರು.